11 ದಿನ, 6 ಕಂಪೈಲ್: ನನ್ನ ಲ್ಯಾಪ್‌ಟಾಪಿನಲ್ಲಿ ವರ್ಫ್ ಕೂತ ಬಗೆ

ನಿನ್ನೆ ರಾತ್ರಿ 1 ಗಂಟೆ 40 ನಿಮಿಷಕ್ಕೆ ಪರದೆಯ ಮೇಲೆ ‘ಸಕ್ಸೆಸ್ ಕಂಪ್ಲೀಟ್ ವರ್ಫ್’ ಎಂಬ ಸಾಲು ಮೂಡಿತು. ಆ ಮೂರು ಪದಗಳಿಗಾಗಿ 11 ದಿನ ಕಾದಿದ್ದೆ. ನೆನಪು ಹಸಿಯಾಗಿರುವಾಗಲೇ ಎಲ್ಲವನ್ನೂ ಬರೆದಿಡೋಣ ಅಂತ ಕೂತಿದ್ದೇನೆ. ಇನ್ನೊಂದು ವಾರ ಕಳೆದರೆ ಯಾವ ಎರರ್ ಯಾವುದಾದ ಮೇಲೆ ಬಂತು ಅನ್ನುವುದು ನನಗೇ ಮರೆತುಹೋಗುತ್ತದೆ. ಇದೇ ದಾರಿಯಲ್ಲಿ ಬರುವವರಿಗೆ ಬೇಕಾಗುವುದು ಆ ಕ್ರಮವೇ.

ವರ್ಫ್ ಅಂದರೆ ವೆದರ್ ರಿಸರ್ಚ್ ಅಂಡ್ ಫೋರ್‌ಕಾಸ್ಟಿಂಗ್ ಮಾಡೆಲ್. ವಾತಾವರಣವನ್ನು ಸಣ್ಣ ಸಣ್ಣ ಮನೆಗಳಾಗಿ ವಿಂಗಡಿಸಿ, ಒಂದೊಂದು ಮನೆಯಲ್ಲೂ ಗಾಳಿ, ಒತ್ತಡ, ಉಷ್ಣತೆ, ತೇವಾಂಶ ಮುಂದಿನ ಕ್ಷಣಕ್ಕೆ ಎಷ್ಟಾಗುತ್ತವೆ ಎಂದು ಲೆಕ್ಕ ಹಾಕುತ್ತಾ ಹೋಗುವ ತಂತ್ರಾಂಶ. ಬಹುಪಾಲು ಫೋರ್ಟ್ರಾನ್ ಭಾಷೆಯಲ್ಲಿದೆ. ಎರಡು ಸಲ ಕ್ಲಿಕ್ ಮಾಡಿ ಕೂರಿಸಿಕೊಳ್ಳುವಂಥ ಫೈಲ್ ಇದಕ್ಕಿಲ್ಲ. ಸೋರ್ಸ್, ಅಂದರೆ ಬರೆದಿಟ್ಟ ಕೋಡ್, ತಂದು ನಮ್ಮ ಯಂತ್ರದಲ್ಲೇ ಕಂಪೈಲ್ ಮಾಡಬೇಕು, ಅಂದರೆ ಯಂತ್ರ ಓಡಿಸಬಲ್ಲ ರೂಪಕ್ಕೆ ತರಬೇಕು. ಅದಕ್ಕೂ ಮೊದಲು ಅದು ನೆಚ್ಚಿಕೊಂಡಿರುವ ಲೈಬ್ರರಿಗಳು (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಬೇಕು: ಡೇಟಾ ಓದಿ ಬರೆಯಲು ನೆಟ್‌ಸಿಡಿಎಫ್, ಕೆಲಸವನ್ನು ಹಲವು ಕೋರ್‌ಗಳಿಗೆ ಹಂಚಲು ಎಂಪಿಐ. ವರ್ಫ್ ಆದ ಮೇಲೆ ಅದಕ್ಕೆ ಇನ್‌ಪುಟ್ ಸಿದ್ಧಮಾಡಿ ಕೊಡುವ ಡಬ್ಲ್ಯುಪಿಎಸ್ ಅನ್ನು ಬೇರೆಯಾಗಿ ಕಂಪೈಲ್ ಮಾಡಬೇಕು.

ವಿಭಾಗದ ದೊಡ್ಡ ಯಂತ್ರದಲ್ಲಿ ಸರದಿ ಉದ್ದವಿತ್ತು. “ನಿಂದು ಚಿಕ್ಕ ಡೊಮೇನ್ ಅಲ್ವಾ, ಲ್ಯಾಪ್‌ಟಾಪಿನಲ್ಲೇ ಓಡಿಸಿ ನೋಡು. ಮುಂದಿನ ವಾರ ತೋರಿಸು” ಅಂದರು ನನ್ನ ಕೆಲಸ ನೋಡಿಕೊಳ್ಳುವ ಮೇಡಂ. ಡೊಮೇನ್ ಅಂದರೆ ನಾವು ಲೆಕ್ಕ ಹಾಕುವ ಪ್ರದೇಶ. ಆಯ್ತು ಮೇಡಂ ಅಂದೆ. ಎರಡು ದಿನದ ಕೆಲಸ ಅಂದುಕೊಂಡಿದ್ದೆ.

ನನ್ನ ಲ್ಯಾಪ್‌ಟಾಪಿನ ವಿವರ ಇಲ್ಲೇ ಹೇಳಿಬಿಡುತ್ತೇನೆ, ಮುಂದಿನ ಕಥೆಯಲ್ಲಿ ಅದಕ್ಕೆ ದೊಡ್ಡ ಪಾತ್ರವಿದೆ. 8 ಜಿಬಿ ರ್‍ಯಾಮ್, 4 ಕೋರ್, 8 ಥ್ರೆಡ್. ವಿಂಡೋಸ್ ಒಳಗೇ ಲಿನಕ್ಸ್ ಓಡಿಸಲು ಬಿಡುವ ಡಬ್ಲ್ಯುಎಸ್ಎಲ್ 2, ಅದರೊಳಗೆ ಉಬುಂಟು 22.04 ಎಂಬ ಲಿನಕ್ಸ್. ಜೊತೆಗೆ, ಪೈಥಾನ್ ಕೆಲಸಕ್ಕೆಂದು ಬಹಳ ಹಿಂದೆ ಹಾಕಿಕೊಂಡಿದ್ದ ಒಂದು ಕೊಂಡಾ ಪರಿಸರ, ಅಂದರೆ ತನ್ನದೇ ಲೈಬ್ರರಿ, ಕಂಪೈಲರುಗಳನ್ನು ಇಟ್ಟುಕೊಂಡಿರುವ ಪ್ರತ್ಯೇಕ ಜಾಗ. ಟರ್ಮಿನಲ್ ತೆರೆದ ಕೂಡಲೇ ಅದು ತಾನಾಗಿ ಚಾಲೂ ಆಗುವಂತೆ ನಾನೇ ಮಾಡಿಟ್ಟಿದ್ದೆ. ಮಾಡಿಟ್ಟು ಮರೆತಿದ್ದೆ.

ಮೊದಲ ದಿನ ಸುಲಭದ ದಾರಿ ಹಿಡಿದೆ. ತಂತ್ರಾಂಶ ಹಾಕಿಕೊಡುವ ಉಬುಂಟುವಿನ ಆಪ್ಟ್ ಮೂಲಕ ನೆಟ್‌ಸಿಡಿಎಫ್ ಹಾಕಿದೆ, ಎರಡು ನಿಮಿಷ ಹಿಡಿಯಿತು. ಕಂಪೈಲ್‌ಗೆ ಮೊದಲು ಯಂತ್ರದಲ್ಲಿ ಏನೇನಿದೆ ಎಂದು ನೋಡಿಕೊಳ್ಳುವ ವರ್ಫ್‌ನ ಕಾನ್ಫಿಗರ್ ಸ್ಕ್ರಿಪ್ಟ್ ಓಡಿಸಿದರೆ ನೆಟ್‌ಸಿಡಿಎಫ್ ಸಿಗುತ್ತಿಲ್ಲ ಅಂತು. ಕಣ್ಣೆದುರೇ ಹಾಕಿದ್ದೇನೆ, ಇಲ್ಲ ಅನ್ನುತ್ತದಲ್ಲ ಅಂತ ಗೊಂದಲವಾಯಿತು. ವಿಷಯ ಇಷ್ಟೇ: ನೆಟ್‌ಸಿಡಿಎಫ್ ಎಂಬ ಹೆಸರಿನಲ್ಲಿ ಎರಡು ಲೈಬ್ರರಿಗಳಿವೆ, ಒಂದು ಸಿ ಭಾಷೆಯದು, ಇನ್ನೊಂದು ಫೋರ್ಟ್ರಾನ್‌ನದು. ಎರಡರ ಫೈಲುಗಳೂ ಒಂದೇ ಫೋಲ್ಡರಿನ ಕೆಳಗೆ, ‘ಇನ್‌ಕ್ಲೂಡ್’ ಮತ್ತು ‘ಲಿಬ್’ ಎಂಬ ಎರಡು ಒಳಫೋಲ್ಡರುಗಳಲ್ಲಿ ಇರಬೇಕು ಎಂದು ವರ್ಫ್ ಬಯಸುತ್ತದೆ. ಆಪ್ಟ್ ಅವುಗಳನ್ನು ಸಿಸ್ಟಮ್ಮಿನ ಬೇರೆ ಬೇರೆ ಜಾಗಗಳಲ್ಲಿ ಇಡುತ್ತದೆ. ಲಿಂಕ್‌ಗಳನ್ನು ಕಟ್ಟಿ ಸರಿಹೊಂದಿಸುವವರೂ ಇದ್ದಾರೆ. ನಾನು ಎಲ್ಲವನ್ನೂ ಸೋರ್ಸಿನಿಂದಲೇ ಕಟ್ಟಲು ನಿರ್ಧರಿಸಿದೆ. ಆ ನಿರ್ಧಾರ ಸರಿಯಾಗಿಯೇ ಇತ್ತು, ಮಾಡಿದ ಕ್ರಮ ತಪ್ಪಿತು.

ಲ್ಯಾಬಿನಲ್ಲಿ ಹಿಂದಿದ್ದವರು ಬಿಟ್ಟುಹೋದ ಹಳೆಯ ಟಿಪ್ಪಣಿಯೊಂದಿತ್ತು. ಅದರಲ್ಲಿ ಎಂಪಿಐನ ಒಂದು ಬಗೆಯಾದ ಎಂಪಿಐಸಿಎಚ್‌ನ 3.0.4 ಆವೃತ್ತಿ ಹಾಕಿ ಅಂತ ಇತ್ತು. ಟಿಪ್ಪಣಿಯಲ್ಲಿದ್ದಂತೆ, ಯಾವ ಫೋರ್ಟ್ರಾನ್ ಕಂಪೈಲರ್ ಬಳಸಬೇಕೆಂದು ಹೇಳುವ ಎಫ್‌ಸಿ ಎಂಬ ವೇರಿಯಬಲ್‌ಗೆ ಜಿಫೋರ್ಟ್ರಾನ್ ಎಂದು ಕೊಟ್ಟು ಅದರ ಕಾನ್ಫಿಗರ್ ಓಡಿಸಿದೆ. ಒಂದೇ ರೊಟೀನನ್ನು ಬೇರೆ ಬೇರೆ ಬಗೆಯ ಆರ್ಗ್ಯುಮೆಂಟ್‌ಗಳೊಂದಿಗೆ ಕರೆಯುವ ಫೈಲುಗಳನ್ನು ಈ ಕಂಪೈಲರ್ ಒಪ್ಪುವುದಿಲ್ಲ ಎಂಬ ಅರ್ಥದ ಎರರ್ ಬಂತು. ಇಂಗ್ಲಿಷ್ ವಾಕ್ಯ ಸಲೀಸಾಗಿಯೇ ಇತ್ತು, ಆದರೂ ಏನು ಮಾಡಬೇಕೆಂದು ತಿಳಿಯದೆ ಅರ್ಧ ದಿನ ಕಳೆದೆ.

ಕಾರಣ ಇದು. 2020ರಲ್ಲಿ ಬಂದ ಜಿಸಿಸಿ 10ರಿಂದ (ಜಿಫೋರ್ಟ್ರಾನ್ ಸೇರಿರುವ ಕಂಪೈಲರುಗಳ ಕಂತೆ) ಮುಂದಕ್ಕೆ ಜಿಫೋರ್ಟ್ರಾನ್ ಈ ವಿಷಯದಲ್ಲಿ ಬಿಗಿಯಾಯಿತು. ಮೊದಲು ಎಚ್ಚರಿಕೆ ಹೇಳಿ ಬಿಡುತ್ತಿದ್ದುದನ್ನು ಈಗ ತಪ್ಪೆಂದು ಪರಿಗಣಿಸಿ ನಿಲ್ಲಿಸುತ್ತದೆ. ಉಬುಂಟು 22.04ರಲ್ಲಿ ಇರುವುದು ಜಿಸಿಸಿ 11. ಹಳೆಯ ಫೋರ್ಟ್ರಾನ್ ಕೋಡ್‌ನಲ್ಲಿ ಇಂಥ ಕರೆಗಳು ತುಂಬಾ ಇವೆ. ಇದಕ್ಕೆ ಎರಡು ಪರಿಹಾರ: ಕಂಪೈಲರಿಗೆ ‘ಅಲೌ ಆರ್ಗ್ಯುಮೆಂಟ್ ಮಿಸ್‌ಮ್ಯಾಚ್’ ಎಂಬ ಫ್ಲ್ಯಾಗ್ ಕೊಡುವುದು, ಇಲ್ಲವೇ ಲೈಬ್ರರಿಯ ಹೊಸ ಆವೃತ್ತಿ ತರುವುದು. ನಾನು ಎಂಪಿಐಸಿಎಚ್ 4 ತಂದೆ, ತಕರಾರಿಲ್ಲದೆ ಕೂತಿತು. ಹಳೆಯ ಟಿಪ್ಪಣಿ ಹಿಡಿದು ಹೊರಟವರು ಅದರಲ್ಲಿರುವ ಆವೃತ್ತಿಯ ಸಂಖ್ಯೆಗಳನ್ನು ಕಣ್ಣುಮುಚ್ಚಿ ಪಾಲಿಸಬೇಡಿ. ಬರೆದವರ ಕಂಪೈಲರ್ ಬೇರೆ ಇತ್ತು.

ಎರಡನೆಯ ದಿನ ಲ್ಯಾಪ್‌ಟಾಪ್ ಮತ್ತೆ ಚಾಲೂ ಮಾಡಿ, ಹೊಸ ಟರ್ಮಿನಲ್ ತೆರೆದು ನೆಟ್‌ಸಿಡಿಎಫ್‌ನ ಎರಡೂ ಭಾಗಗಳನ್ನು ಕಟ್ಟಿದೆ. ಒಂದೂ ಎರರ್ ಬರಲಿಲ್ಲ. ಮಧ್ಯಾಹ್ನಕ್ಕೆ ಮುಗಿಯಿತು. ಆ 11 ದಿನಗಳಲ್ಲಿ ನನಗೆ ಅತ್ಯಂತ ಸಂತೋಷ ಕೊಟ್ಟ ಮಧ್ಯಾಹ್ನ ಅದು. ಅಲ್ಲೇ ಏನಾಯಿತು ಅನ್ನುವುದು ಏಳನೆಯ ದಿನ ಗೊತ್ತಾಯಿತು.

ಇನ್ನು ವರ್ಫ್. ಬಿಡುಗಡೆ ಪುಟದಿಂದ 4.5ನೇ ಸರಣಿಯ ಜಿಪ್ ಅನ್ನು ಮೊದಲ ದಿನವೇ ಇಳಿಸಿಕೊಂಡಿದ್ದೆ. ಕಾನ್ಫಿಗರ್ ಕೇಳಿದ ಪಟ್ಟಿಯಲ್ಲಿ ಜಿಎನ್‌ಯು ಕಂಪೈಲರಿನ ಸಾಲು ಹುಡುಕಿ, ಅದರಲ್ಲಿ ‘ಡಿಎಂಪಾರ್’ ಎಂಬುದರ ಸಂಖ್ಯೆ ಒತ್ತಿದೆ. ಹಲವು ಪ್ರೊಸೆಸ್‌ಗಳಿಗೆ ಕೆಲಸ ಹಂಚುವ ಬಗೆ ಅದೇ. ಒಂದು ಡೊಮೇನಿನೊಳಗೆ ಇನ್ನೊಂದನ್ನು ಇಡುವ ನೆಸ್ಟಿಂಗ್‌ನಲ್ಲಿ ಮೂಲ ಬಗೆಯೇ ಸಾಕು ಎಂದು 1 ಕೊಟ್ಟೆ. ಆಮೇಲೆ ಕಂಪೈಲ್ ಆಜ್ಞೆ. ‘ಅಂಥ ಫೈಲ್ ಇಲ್ಲ’ ಅಂತು. ಫೋಲ್ಡರಿನಲ್ಲಿ ಕಂಪೈಲ್ ಎಂಬ ಫೈಲ್ ಎದ್ದು ಕಾಣುತ್ತಿದೆ, ಇಲ್ಲ ಅನ್ನುತ್ತದೆ! ಇದರಲ್ಲಿ ಒಂದು ಗಂಟೆ ಹೋಯಿತು. ಆ ಸ್ಕ್ರಿಪ್ಟ್ ಬರೆದಿರುವುದು ಸಿ ಶೆಲ್‌ನಲ್ಲಿ. ಉಬುಂಟುವಿನಲ್ಲಿ ಅದು ಮೊದಲೇ ಇರುವುದಿಲ್ಲ. ಸಿಗಲಿಲ್ಲ ಎಂದು ಹೇಳಿದ್ದು ಸ್ಕ್ರಿಪ್ಟ್ ಓದುವ ಆ ಶೆಲ್‌ನ ಬಗ್ಗೆ. ಸಿಎಸ್ಎಚ್ (ಅದೇ ಸಿ ಶೆಲ್) ಹಾಕಿದ ಮೇಲೆ ಸರಿಹೋಯಿತು. ಎಂ4, ಪರ್ಲ್ ಕೂಡ ಇವೆಯೇ ಅಂತ ಆಗಲೇ ನೋಡಿಕೊಳ್ಳಿ.

ಮೊದಲ ಕಂಪೈಲ್ ಮುಕ್ಕಾಲು ಗಂಟೆ ಓಡಿತು. ಫ್ಯಾನ್ ಸದ್ದು ಏರಿತು, ಕೀಬೋರ್ಡ್ ಬಿಸಿಯಾಯಿತು. ಕೊನೆಗೆ ‘ಎಕ್ಸಿಕ್ಯೂಟಬಲ್‌ಗಳನ್ನು ಕಟ್ಟುವಲ್ಲಿ ತೊಂದರೆ, ಲಾಗ್‌ನಲ್ಲಿ ಎರರ್ ನೋಡಿ’ ಎಂಬ ಸಂದೇಶ. ಲಾಗ್ ತೆರೆದರೆ ಸಾವಿರಾರು ಸಾಲು. ಕೊನೆಯ ಸಾಲುಗಳಲ್ಲಿ ವರ್ಫ್‌ನದೇ ಲೈಬ್ರರಿ ಫೈಲ್ ಸಿಗಲಿಲ್ಲ ಅಂತ ಇತ್ತು. ನಾನು ಆ ಸಾಲನ್ನು ಹಿಡಿದು ಹುಡುಕಲು ಕೂತೆ. ಒಂದೂವರೆ ದಿನ ಹುಡುಕಿದೆ. ಆ ಫೈಲ್ ಎಲ್ಲಿಂದ ತರಬೇಕು, ಯಾರಾದರೂ ಕೊಡುತ್ತಾರೆಯೇ ಅಂತೆಲ್ಲ ಯೋಚಿಸಿದೆ. ರಾತ್ರಿ ನಿದ್ದೆ ಬರಲಿಲ್ಲ. ನನ್ನ ಬ್ಯಾಚಿನವರೆಲ್ಲ ಫಲಿತಾಂಶದ ಚಿತ್ರ ತೋರಿಸುತ್ತಿರುವಾಗ ನಾನು ಇನ್ನೂ ತಂತ್ರಾಂಶವನ್ನೇ ಹಾಕಿಲ್ಲವಲ್ಲ ಎಂಬ ಸಂಕಟ ಎದೆಯಲ್ಲಿ ಕೂತಿತ್ತು.

ನಾಲ್ಕನೆಯ ದಿನ ಲ್ಯಾಬಿನ ಸೀನಿಯರ್ ಅಕ್ಕನ ಮುಂದೆ ಲ್ಯಾಪ್‌ಟಾಪ್ ಇಟ್ಟೆ. ಅವರು ಕೊನೆಯ ಸಾಲುಗಳ ಕಡೆ ಕಣ್ಣೂ ಹಾಯಿಸಲಿಲ್ಲ.

“ಮೊದಲನೇ ಎರರ್ ಎಲ್ಲಿದೆ ತೋರಿಸು” ಅಂದರು.

“ಕೊನೆಯದ್ದೇ ಅಲ್ವಾ ಅಕ್ಕ, ಅಲ್ಲೇ ತಾನೇ ನಿಂತಿದ್ದು?”

“ಇದು ಎಲ್ಲೂ ನಿಲ್ಲಲ್ಲಪ್ಪ. ಎರರ್ ಬಂದ್ರೂ ದಾಟಿಕೊಂಡು ಹೋಗ್ತಾ ಇರತ್ತೆ. ಆವರಣದಲ್ಲಿ ‘ಇಗ್ನೋರ್ಡ್’ ಅಂತ ಬರೆದಿದೆ ನೋಡು.”

ಈ ಮಾತನ್ನು ನನಗೆ ಯಾರಾದರೂ ಮೊದಲ ದಿನವೇ ಹೇಳಿದ್ದರೆ ಎಷ್ಟು ಚೆನ್ನಾಗಿತ್ತು. ಸಾಮಾನ್ಯವಾಗಿ ಮೇಕ್ ಎಂಬ ಸಾಧನ ಒಂದು ಫೈಲ್ ಕೆಟ್ಟರೆ ಅಲ್ಲೇ ನಿಲ್ಲುತ್ತದೆ. ವರ್ಫ್‌ನ ಕಂಪೈಲ್ ಸ್ಕ್ರಿಪ್ಟ್ ಎರರ್‌ಗಳನ್ನು ಕಡೆಗಣಿಸಿ ಮುಂದೆ ಹೋಗು ಎಂದು ಮೇಕ್‌ಗೆ ಹೇಳುತ್ತದೆ. ಒಂದು ಮಾಡ್ಯೂಲ್ ಆಗದಿದ್ದರೆ ಅದನ್ನು ನೆಚ್ಚಿಕೊಂಡ ಹತ್ತು ಮಾಡ್ಯೂಲ್ ಆಗುವುದಿಲ್ಲ, ಆ ಹತ್ತನ್ನು ನೆಚ್ಚಿಕೊಂಡ ನೂರು ಆಗುವುದಿಲ್ಲ. ಕೊನೆಗೆ ಲೈಬ್ರರಿಯೂ ಇಲ್ಲ. ನಾನು ಬೆಂಕಿ ಹೊತ್ತಿದ ಜಾಗ ಬಿಟ್ಟು ಬೂದಿ ಕೆದಕುತ್ತಿದ್ದೆ. ಲಾಗ್ ಫೈಲಿನಲ್ಲಿ ‘ಎರರ್’ ಎಂಬ ಪದವನ್ನು ಸಾಲಿನ ಸಂಖ್ಯೆಯ ಸಮೇತ ಗ್ರೆಪ್ ಆಜ್ಞೆಯಿಂದ ಹುಡುಕಿ, ಬಂದುದರಲ್ಲಿ ಮೊದಲ ಐದಾರು ಸಾಲು ಮಾತ್ರ ಓದಿ. ಅದರಲ್ಲೂ ‘ಎರರ್’ ಎಂಬ ಪದ ಫೈಲಿನ ಹೆಸರಿನ ಭಾಗವಾಗಿ ಬಂದಿದ್ದರೆ ಬಿಟ್ಟುಬಿಡಿ. ವರ್ಫ್‌ನಲ್ಲಿ ಅಂಥ ಹೆಸರಿನ ಫೈಲುಗಳೂ ಇವೆ.

ನನ್ನ ಲಾಗ್‌ನ ಮೊದಲ ಎರರ್ ನೋವಾ-ಎಂಪಿ ಎಂಬ ಭಾಗದ ಫೈಲುಗಳೇ ಇಲ್ಲ ಅನ್ನುತ್ತಿತ್ತು. ನೆಲ, ಗಿಡಮರ, ಮಣ್ಣಿನ ತೇವದ ಲೆಕ್ಕ ಮಾಡುವ ಭಾಗ ಅದು. ಹೋಗಿ ನೋಡಿದರೆ ಫೋಲ್ಡರ್ ಖಾಲಿ. 2023ರಲ್ಲಿ ಬಂದ 4.5ರಿಂದ ನೋವಾ-ಎಂಪಿಯನ್ನು ಪ್ರತ್ಯೇಕ ಸಬ್‌ಮಾಡ್ಯೂಲ್ ಆಗಿ, ಅಂದರೆ ಬೇರೆಡೆ ಇಟ್ಟು ಕೊಂಡಿ ಮಾತ್ರ ಹಾಕಿದ ಕೋಡ್ ಆಗಿ, ಇಡಲಾಗಿದೆ. ಬಿಡುಗಡೆ ಪುಟದಲ್ಲಿ ತಾನಾಗಿ ತಯಾರಾಗುವ ‘ಸೋರ್ಸ್ ಕೋಡ್’ ಜಿಪ್‌ನಲ್ಲಿ ಸಬ್‌ಮಾಡ್ಯೂಲ್‌ಗಳು ಬರುವುದಿಲ್ಲ. ಅದೇ ಪುಟದಲ್ಲಿ ಆವೃತ್ತಿಯ ಸಂಖ್ಯೆಯನ್ನೇ ಹೆಸರಾಗಿಟ್ಟ ಟಾರ್ ಫೈಲ್ ಇರುತ್ತದೆ, ಇಳಿಸಬೇಕಾದ್ದು ಅದನ್ನು. ಗಿಟ್ ಮೂಲಕ ತರುವವರು ಸಬ್‌ಮಾಡ್ಯೂಲ್‌ಗಳನ್ನೂ ಸೇರಿಸಿ ತಾ ಎಂದು ಹೇಳಿ ಕ್ಲೋನ್ ಮಾಡಬೇಕು. ತಪ್ಪು ಫೈಲ್ ಇಳಿಸಿಕೊಂಡದ್ದಕ್ಕೆ ನಾನು ಕೊಟ್ಟ ಬೆಲೆ ಎರಡು ದಿನ.

ಸರಿಯಾದ ಸೋರ್ಸ್ ತಂದು ಎರಡನೆಯ ಕಂಪೈಲ್ ಹಚ್ಚಿದೆ. 8 ಥ್ರೆಡ್ ಇದೆಯಲ್ಲ, ಬೇಗ ಮುಗಿಯಲಿ ಅಂತ ಒಮ್ಮೆಗೆ 8 ಫೈಲ್ ಕಂಪೈಲ್ ಆಗುವಂತೆ ಕೊಟ್ಟೆ. ಇಪ್ಪತ್ತು ನಿಮಿಷಕ್ಕೆ ಇಡೀ ಲ್ಯಾಪ್‌ಟಾಪ್ ಮಂಕಾಯಿತು, ಮೌಸ್ ಕೂಡ ಅಲುಗಲಿಲ್ಲ. ಮುಗಿದ ಮೇಲೆ ಈ ಸಲ ನೇರ ಮೊದಲ ಎರರ್‌ಗೇ ಹೋದೆ: ‘ಎಫ್951’ ಎಂಬ ಪ್ರೋಗ್ರಾಂ ಕೊಲ್ಲಲ್ಪಟ್ಟಿತು ಅಂತ. ಹೆಸರು ಕೇಳಿ ಗಾಬರಿಯಾಗಬೇಡಿ. ಜಿಫೋರ್ಟ್ರಾನ್‌ನ ಒಳಗೆ ನಿಜವಾಗಿ ಕಂಪೈಲ್ ಮಾಡುವ ಭಾಗದ ಹೆಸರು ಅದು. ಮೆಮೊರಿ ಸಾಲದೆ ಹೋದಾಗ ಲಿನಕ್ಸ್ ಕರ್ನಲ್ ಹೆಚ್ಚು ಮೆಮೊರಿ ನುಂಗುತ್ತಿರುವ ಪ್ರೋಗ್ರಾಂ ಅನ್ನು ಆರಿಸಿ ಕೊಲ್ಲುತ್ತದೆ. ಡಿಮೆಸೇಜ್ ಆಜ್ಞೆಯಲ್ಲಿ ಅದರ ದಾಖಲೆ ಸಿಕ್ಕಿತು. ವರ್ಫ್‌ನ ಕೆಲವು ಫೈಲುಗಳು ಒಂದೊಂದೇ ದೊಡ್ಡ ಪ್ರಮಾಣದ ಮೆಮೊರಿ ಕೇಳುತ್ತವೆ. ನಾನು ಎಂಟನ್ನು ಒಟ್ಟಿಗೆ ಬಿಟ್ಟಿದ್ದೆ. ಮೇಲಾಗಿ ನನ್ನ ಉಬುಂಟುವಿಗೆ ಸಿಕ್ಕಿದ್ದು 8 ಜಿಬಿ ಅಲ್ಲ, 4. ನಾವಾಗಿ ಬದಲಿಸದಿದ್ದರೆ ಡಬ್ಲ್ಯುಎಸ್ಎಲ್ 2 ಯಂತ್ರದ ಅರ್ಧ ಮೆಮೊರಿಯನ್ನಷ್ಟೇ ಬಳಸುತ್ತದೆ ಎನ್ನುವುದು ನನಗೆ ತಿಳಿದಿರಲಿಲ್ಲ.

ವಿಂಡೋಸ್ ಕಡೆ ನಮ್ಮ ಯೂಸರ್ ಫೋಲ್ಡರಿನಲ್ಲಿ, ಚುಕ್ಕಿಯಿಂದ ಶುರುವಾಗುವ ‘ಡಬ್ಲ್ಯುಎಸ್ಎಲ್‌ಕಾನ್ಫಿಗ್’ ಎಂಬ ಫೈಲ್ ಮಾಡಿ, ಮೆಮೊರಿ 6 ಜಿಬಿ, ಸ್ವಾಪ್ (ಮೆಮೊರಿ ಸಾಲದಾಗ ಬಳಸುವ ಡಿಸ್ಕ್ ಜಾಗ) 8 ಜಿಬಿ ಎಂದು ಬರೆದೆ. ಮೂರನೆಯ ಕಂಪೈಲ್ ಹಚ್ಚಿದೆ. ಅದೇ ಎರರ್. ಟರ್ಮಿನಲ್ ಮುಚ್ಚಿ ತೆರೆದರೆ ಸಾಲದು, ವಿಂಡೋಸ್‌ನಿಂದ ಡಬ್ಲ್ಯುಎಸ್ಎಲ್ ಅನ್ನು ಶಟ್‌ಡೌನ್ ಮಾಡಬೇಕು, ಆಗಷ್ಟೇ ಹೊಸ ಲೆಕ್ಕ ಜಾರಿಗೆ ಬರುತ್ತದೆ. ಕಂಪೈಲ್ ಹಚ್ಚುವ ಮೊದಲು ‘ಫ್ರೀ’ ಆಜ್ಞೆ ಕೊಟ್ಟು ಎಷ್ಟು ಮೆಮೊರಿ ಇದೆ ಅಂತ ನೋಡಿದ್ದರೆ ಆ ಒಂದು ಗಂಟೆ ಉಳಿಯುತ್ತಿತ್ತು.

ಇಲ್ಲೇ ಇನ್ನೊಂದು ಮಾತು. ಎಲ್ಲವನ್ನೂ ಉಬುಂಟುವಿನ ಹೋಮ್ ಫೋಲ್ಡರಿನೊಳಗೇ ಇಟ್ಟುಕೊಳ್ಳಿ. ವಿಂಡೋಸ್‌ನ ಸಿ ಡ್ರೈವಿನಲ್ಲಿಟ್ಟು ಉಬುಂಟುವಿನಿಂದ ತಲುಪಿದರೆ ಸಾವಿರಾರು ಸಣ್ಣ ಫೈಲುಗಳ ಓದು ಬರಹ ಬಹಳ ನಿಧಾನವಾಗುತ್ತದೆ.

ನಾಲ್ಕನೆಯ ಕಂಪೈಲ್‌ಗೆ ಒಮ್ಮೆಗೆ ಎರಡೇ ಫೈಲ್ ಎಂದು ಕೊಟ್ಟೆ. ಒಂದು ಗಂಟೆ ಐವತ್ತು ನಿಮಿಷ. ಈ ಸಲ ಎಲ್ಲ ಫೈಲುಗಳೂ ಆದವು. ವರ್ಫ್‌ನ ಲೈಬ್ರರಿಯೂ ಆಯಿತು. ಕಟ್ಟಕಡೆಗೆ ಎಲ್ಲವನ್ನೂ ಜೋಡಿಸುವ ಲಿಂಕಿಂಗ್ ಹಂತದಲ್ಲಿ ಮುಗ್ಗರಿಸಿತು. ಏಳನೆಯ ದಿನ ಅದು, ಮೇಡಂಗೆ ತೋರಿಸುತ್ತೇನೆ ಅಂದಿದ್ದ ದಿನ. ನಾನು ಅವರ ಕೋಣೆಗೆ ಹೋಗಿ ಇನ್ನೂ ಆಗಿಲ್ಲ ಮೇಡಂ ಅಂದೆ. ಅವರು ಬೈಯಲಿಲ್ಲ. “ಎಲ್ಲಿ ನಿಂತಿದೆ ಅಂತ ಗೊತ್ತಾ?” ಅಂತ ಕೇಳಿದರು. ಗೊತ್ತು ಅಂದೆ. “ಹಾಗಾದ್ರೆ ಸರಿ” ಅಂದರು. ಆ ಒಂದು ಪ್ರಶ್ನೆ ನನ್ನನ್ನು ಹಿಡಿದು ನಿಲ್ಲಿಸಿತು. ಹೌದು, ನಾಲ್ಕು ದಿನದ ಹಿಂದೆ ಎಲ್ಲಿ ನಿಂತಿದೆ ಅನ್ನುವುದೂ ನನಗೆ ಗೊತ್ತಿರಲಿಲ್ಲ.

ಎರರ್ ಹೀಗಿತ್ತು: ನೆಟ್‌ಸಿಡಿಎಫ್‌ನ ಫೋರ್ಟ್ರಾನ್ ಲೈಬ್ರರಿಗೆ ಬೇಕಾದ ಲಿಬ್‌ಜಿಫೋರ್ಟ್ರಾನ್ 4 ಸಿಗುತ್ತಿಲ್ಲ, ಅದರ ಹಿಂದೆಯೇ ‘ಜಿಫೋರ್ಟ್ರಾನ್ 7’ ಎಂಬ ಗುರುತು ಹೊತ್ತ ಹತ್ತಾರು ಹೆಸರುಗಳು ಸಿಗುತ್ತಿಲ್ಲ. ನನ್ನ ಉಬುಂಟುವಿನಲ್ಲಿರುವುದು ಜಿಫೋರ್ಟ್ರಾನ್ 11, ಅದರ ರನ್‌ಟೈಮ್ ಲೈಬ್ರರಿಯ ಸಂಖ್ಯೆ 5. ಹಾಗಾದರೆ 7 ಎಲ್ಲಿಂದ ಬಂತು? ನೆಟ್‌ಸಿಡಿಎಫ್ ಲೈಬ್ರರಿಯ ಮೇಲೆ ಎಲ್‌ಡಿಡಿ ಆಜ್ಞೆ ಓಡಿಸಿದೆ. ಅದು ಯಾವ ಯಾವ ಫೈಲುಗಳನ್ನು ನೆಚ್ಚಿಕೊಂಡಿದೆ ಎಂಬ ಪಟ್ಟಿ ಬಂತು. ಅದರಲ್ಲಿ ಒಂದು ಸಾಲಿನ ಮುಂದೆ ನಾಟ್ ಫೌಂಡ್. ಆಮೇಲೆ ನೆಟ್‌ಸಿಡಿಎಫ್ ಕಟ್ಟುವಾಗ ಉಳಿದಿದ್ದ ಕಾನ್ಫಿಗ್ ಲಾಗ್ ತೆರೆದು ನೋಡಿದೆ. ಬಳಸಿದ ಕಂಪೈಲರಿನ ಜಾಗದಲ್ಲಿ ನನ್ನ ಕೊಂಡಾ ಪರಿಸರದ ವಿಳಾಸವಿತ್ತು.

ಎರಡನೆಯ ದಿನ ಹೊಸ ಟರ್ಮಿನಲ್ ತೆರೆದಾಗ ಎಫ್‌ಸಿ ವೇರಿಯಬಲ್‌ಗೆ ಬೆಲೆ ಕೊಡುವುದನ್ನು ಮರೆತಿದ್ದೆ. ತಾನಾಗಿ ಚಾಲೂ ಆದ ಪರಿಸರ ಆ ಜಾಗದಲ್ಲಿ ತನ್ನದೇ ಹಳೆಯ ಜಿಫೋರ್ಟ್ರಾನ್ 7 ಅನ್ನು ತುಂಬಿತ್ತು. ಆ ಹಳೆಯ ಕಂಪೈಲರ್ ಬಿಗಿಯಿಲ್ಲದ ಕಾಲದ್ದಾದ್ದರಿಂದ ಎಲ್ಲವನ್ನೂ ಒಪ್ಪಿಕೊಂಡಿತು, ಒಂದೂ ಎರರ್ ಬರಲಿಲ್ಲ. ನಾನು ಸಂತೋಷಪಟ್ಟ ಆ ಮಧ್ಯಾಹ್ನವೇ ಈ ಏಳನೆಯ ದಿನದ ಬೇರು. ಜಿಫೋರ್ಟ್ರಾನ್ 7 ಮತ್ತು 8ರ ನಡುವೆ ರನ್‌ಟೈಮ್ ಲೈಬ್ರರಿ ಬದಲಾಗಿದೆ. ಆ ಗೆರೆಯ ಆಚೆ ಒಂದು, ಈಚೆ ಒಂದು ಇಟ್ಟುಕೊಂಡು ಜೋಡಿಸಲಾಗದು. ವರ್ಫ್‌ಗೆ ಸಂಬಂಧಪಟ್ಟ ಪ್ರತಿಯೊಂದು ಲೈಬ್ರರಿಯೂ ಒಂದೇ ಕಂಪೈಲರಿನ ಕೈಯಲ್ಲಿ ಹುಟ್ಟಿರಬೇಕು. ಕಾನ್ಫಿಗರ್ ಓಡಿಸುವ ಮುನ್ನ ಪ್ರತಿ ಸಲವೂ ಎಫ್‌ಸಿ ಏನಿದೆ, ಸಿ ಕಂಪೈಲರಿನ ಹೆಸರು ಹೇಳುವ ಸಿಸಿ ಏನಿದೆ ಅಂತ ಎಕೋ ಮಾಡಿ ನೋಡಿ, ಜಿಫೋರ್ಟ್ರಾನ್ ಯಾವ ಫೋಲ್ಡರಿನಿಂದ ಬರುತ್ತಿದೆ ಅಂತ ‘ವಿಚ್’ ಆಜ್ಞೆಯಿಂದ ಕೇಳಿ. ಹತ್ತು ಸೆಕೆಂಡಿನ ಕೆಲಸ.

ನೆಟ್‌ಸಿಡಿಎಫ್‌ನ ಎರಡೂ ಭಾಗಗಳನ್ನು ಬೇರೆ ಫೋಲ್ಡರಿನಲ್ಲಿ ಹೊಸದಾಗಿ ಕಟ್ಟಿ, ನೆಟ್‌ಸಿಡಿಎಫ್ ವೇರಿಯಬಲ್ ಬದಲಿಸಿ, ಐದನೆಯ ಕಂಪೈಲ್. ಅದೇ ಎರರ್ ಮತ್ತೆ! ಆ ಗಳಿಗೆಯಲ್ಲಿ ಅಳು ಬಂತು, ಮರೆಮಾಚುವುದಿಲ್ಲ. ಲ್ಯಾಪ್‌ಟಾಪ್ ಮುಚ್ಚಿ ಹೊರಗೆ ಹೋಗಿ ಒಂದು ಗಂಟೆ ನಡೆದೆ. ವಾಪಸು ಬಂದು ಮೊದಲ ಎರರ್‌ನ ಸಾಲನ್ನು ನಿಧಾನವಾಗಿ ಓದಿದಾಗ ಅದರಲ್ಲಿ ಹಳೆಯ ಫೋಲ್ಡರಿನ ಹೆಸರೇ ಇತ್ತು. ಕಾನ್ಫಿಗರ್ ಮಾಡಿದಾಗ ಎಲ್ಲ ವಿಳಾಸಗಳೂ ‘ಕಾನ್ಫಿಗರ್ ಡಾಟ್ ವರ್ಫ್’ ಎಂಬ ಫೈಲಿನಲ್ಲಿ ಬರೆಯಲ್ಪಡುತ್ತವೆ. ಆಮೇಲೆ ವೇರಿಯಬಲ್ ಬದಲಿಸಿದರೆ ಅದಕ್ಕೆ ತಿಳಿಯುವುದಿಲ್ಲ. ಲೈಬ್ರರಿ ಬದಲಾದಾಗ ಕ್ಲೀನ್ ಸ್ಕ್ರಿಪ್ಟನ್ನು ‘ಮೈನಸ್ ಎ’ ಸೇರಿಸಿ ಓಡಿಸಿ, ಎಲ್ಲವನ್ನೂ ಒರೆಸಿ, ಕಾನ್ಫಿಗರ್‌ನಿಂದಲೇ ಶುರುಮಾಡಬೇಕು. ಎರಡು ಗಂಟೆ ಉಳಿಸಲು ಹೋಗಿ ಎರಡು ಗಂಟೆ ಕಳೆದುಕೊಂಡೆ.

ಒಂಬತ್ತನೆಯ ದಿನ ಬೆಳಿಗ್ಗೆ ಆರನೆಯ ಕಂಪೈಲ್ ಮುಗಿಯಿತು. ‘ಎಕ್ಸಿಕ್ಯೂಟಬಲ್ಸ್ ಸಕ್ಸೆಸ್‌ಫುಲಿ ಬಿಲ್ಟ್’. ಕೆಳಗೆ ನಾಲ್ಕು ಹೆಸರು: ವರ್ಫ್, ರಿಯಲ್, ಎನ್‌ಡೌನ್, ಟಿಸಿ. ಅಕ್ಕನಿಗೆ ಫೋಟೋ ಕಳಿಸಿದೆ. “ಇನ್ನು ಡಬ್ಲ್ಯುಪಿಎಸ್ ಇದೆ, ಅದೂ ಮುಗಿಲಿ” ಅಂತ ಉತ್ತರ ಬಂತು.

ಡಬ್ಲ್ಯುಪಿಎಸ್ ಹತ್ತು ನಿಮಿಷದಲ್ಲಿ ಮುಗಿಯಿತು. ಮೂರು ಪ್ರೋಗ್ರಾಂ ಬರಬೇಕಿತ್ತು, ಎರಡು ಬಂದಿದ್ದವು. ಜಿಯೋಗ್ರಿಡ್ ಇದೆ, ಮೆಟ್‌ಗ್ರಿಡ್ ಇದೆ, ಅನ್‌ಗ್ರಿಬ್ ಇಲ್ಲ. ಅನ್‌ಗ್ರಿಬ್ ಒಂದೇ ಕಾಣೆಯಾದರೆ ಕಾರಣ ಬಹುತೇಕ ಜಾಸ್ಪರ್ ಎಂಬ ಲೈಬ್ರರಿ. ಗ್ರಿಬ್ 2 ಎಂಬ ಮಾದರಿಯ ಹವಾಮಾನ ಡೇಟಾ ಬಿಚ್ಚಲು ಜೆಡ್‌ಲಿಬ್, ಪಿಎನ್‌ಜಿ, ಜಾಸ್ಪರ್ ಮೂರೂ ಬೇಕು. ಡಬ್ಲ್ಯುಪಿಎಸ್ 4.4ರಿಂದ ಮುಂದಕ್ಕೆ ಕಾನ್ಫಿಗರ್‌ಗೆ ‘ಬಿಲ್ಡ್ ಗ್ರಿಬ್2 ಲಿಬ್ಸ್’ ಎಂಬ ಆಯ್ಕೆ ಕೊಟ್ಟರೆ ಆ ಮೂರನ್ನೂ ಅದೇ ಕಟ್ಟಿಕೊಳ್ಳುತ್ತದೆ. ಕೊಟ್ಟೆ, ಬಂತು. ವರ್ಫ್ ಅನ್ನು ಹಲವು ಪ್ರೊಸೆಸ್‌ಗಳಿಗೆ ಕಟ್ಟಿದ್ದರೂ ಡಬ್ಲ್ಯುಪಿಎಸ್‌ಗೆ ಸೀರಿಯಲ್ (ಒಂದೇ ಪ್ರೊಸೆಸ್) ಆಯ್ಕೆಯೇ ಸಾಕು, ತೊಂದರೆ ಕಡಿಮೆ.

ನೆಲದ ಎತ್ತರ, ಮಣ್ಣಿನ ಬಗೆ, ಭೂಬಳಕೆಯ ಡೇಟಾ ಇಳಿಸಿಕೊಳ್ಳುವಾಗ ಡಿಸ್ಕ್ ಎಷ್ಟು ಖಾಲಿ ಇದೆ ನೋಡಿಕೊಳ್ಳಿ. ಕಡ್ಡಾಯವಾದ ಹೆಚ್ಚು ರೆಸಲ್ಯೂಷನ್ನಿನ ಕಂತೆ ಬಿಚ್ಚಿದ ಮೇಲೆ ಸುಮಾರು 29 ಜಿಬಿ ಆಗುತ್ತದೆ. ಡಬ್ಲ್ಯುಎಸ್ಎಲ್‌ನ ವರ್ಚುವಲ್ ಡಿಸ್ಕ್ ಫೈಲ್ ಒಮ್ಮೆ ಹಿಗ್ಗಿದರೆ, ಒಳಗೆ ಅಳಿಸಿದರೂ ತಾನಾಗಿ ಕುಗ್ಗುವುದಿಲ್ಲ. ಪ್ರಯೋಗಕ್ಕಷ್ಟೇ ಆದರೆ ಕಡಿಮೆ ರೆಸಲ್ಯೂಷನ್ನಿನ ಚಿಕ್ಕ ಕಂತೆಯೂ ಇದೆ.

ಪರೀಕ್ಷೆಗೆ 2016ರ ಅಕ್ಟೋಬರಿನ ಮ್ಯಾಥ್ಯೂ ಚಂಡಮಾರುತದ ತರಬೇತಿ ಡೇಟಾ ತೆಗೆದುಕೊಂಡೆ. ಹತ್ತನೆಯ ದಿನ ಸಂಜೆ, ವರ್ಫ್‌ಗೆ ಆರಂಭದ ಡೇಟಾ ಸಿದ್ಧಮಾಡುವ ರಿಯಲ್ ಪ್ರೋಗ್ರಾಂ ಅನ್ನು ಎಂಪಿಐರನ್ ಮೂಲಕ 4 ಪ್ರೊಸೆಸ್‌ಗಳಲ್ಲಿ ಓಡಿಸಿದೆ. ‘ಸ್ಟಾರ್ಟಿಂಗ್ ವರ್ಫ್ ಟಾಸ್ಕ್ 0 ಆಫ್ 1’ ಎಂಬ ಒಂದೇ ಸಾಲು ನಾಲ್ಕು ಸಲ ಬಂತು. ಇರಬೇಕಾದದ್ದು 4ರಲ್ಲಿ 0, 4ರಲ್ಲಿ 1, ಹೀಗೆ. ಅಂದರೆ ನಾಲ್ವರು ಸೇರಿ ಒಂದು ಕೆಲಸ ಹಂಚಿಕೊಳ್ಳುವ ಬದಲು, ನಾಲ್ವರೂ ಬೇರೆ ಬೇರೆಯಾಗಿ ಅದೇ ಕೆಲಸವನ್ನು ಪೂರ್ತಿ ಮಾಡುತ್ತಾ, ಒಂದೇ ಫೈಲಿನ ಮೇಲೆ ಬರೆಯುತ್ತಿದ್ದರು. ಎರರ್ ಎಂದು ಎಲ್ಲೂ ಬರಲಿಲ್ಲ, ಆ ಸಾಲನ್ನು ಗಮನಿಸದಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ.

‘ವಿಚ್ ಎಂಪಿಐರನ್’ ಕೇಳಿದೆ. ಮತ್ತೆ ಕೊಂಡಾ ಪರಿಸರ. ಅದರಲ್ಲಿ ಪೈಥಾನ್ ಕೆಲಸಕ್ಕೆಂದು ಎಂಪಿಐನ ಇನ್ನೊಂದು ಬಗೆಯಾದ ಓಪನ್ ಎಂಪಿಐ ಇತ್ತು. ನಾನು ವರ್ಫ್ ಕಟ್ಟಿದ್ದು ಎಂಪಿಐಸಿಎಚ್‌ನಿಂದ. ಕಂಪೈಲ್ ಮಾಡುವಾಗ ಟರ್ಮಿನಲ್‌ನಲ್ಲಿ ಕೈಯಾರೆ ಪಾತ್ (ಪ್ರೋಗ್ರಾಂಗಳನ್ನು ಹುಡುಕುವ ಫೋಲ್ಡರುಗಳ ಪಟ್ಟಿ) ಬರೆದಿದ್ದರಿಂದ ಸರಿಯಾದದ್ದೇ ಸಿಕ್ಕಿತ್ತು, ಹೊಸ ಟರ್ಮಿನಲ್‌ನಲ್ಲಿ ಪರಿಸರ ಮುಂದೆ ಬಂದು ಕೂತಿತ್ತು. ಒಂದು ಬಗೆಯ ಎಂಪಿಐನಿಂದ ಕಟ್ಟಿದ್ದನ್ನು ಇನ್ನೊಂದು ಬಗೆಯದರಿಂದ ಓಡಿಸಿದರೆ ಪ್ರೊಸೆಸ್‌ಗಳು ಒಂದನ್ನೊಂದು ಗುರುತಿಸುವುದಿಲ್ಲ. ಅದೇ ಹಾವು ಇನ್ನೊಂದು ಹುತ್ತದಿಂದ ಹೊರಬಂದಿತ್ತು. ಏಳನೆಯ ದಿನವೇ ಆ ಪರಿಸರ ತಾನಾಗಿ ಚಾಲೂ ಆಗುವುದನ್ನು ನಿಲ್ಲಿಸಬೇಕಿತ್ತು. ಅಂದು ಎಫ್‌ಸಿ ಒಂದನ್ನೇ ಸರಿಮಾಡಿ ಬಿಟ್ಟಿದ್ದೆ. ಈಗ ನಿಲ್ಲಿಸಿದೆ. ವರ್ಫ್‌ಗೆ ಬೇಕಾದ ಪಾತ್, ನೆಟ್‌ಸಿಡಿಎಫ್, ಕಂಪೈಲರುಗಳ ಹೆಸರು ಎಲ್ಲವನ್ನೂ ಒಂದು ಪುಟ್ಟ ಫೈಲಿನಲ್ಲಿ ಬರೆದಿಟ್ಟು, ವರ್ಫ್ ಕೆಲಸ ಶುರುಮಾಡುವಾಗ ಅದನ್ನು ಸೋರ್ಸ್ ಮಾಡಿಕೊಳ್ಳುತ್ತೇನೆ. ಪೈಥಾನ್ ಬೇಕಾದಾಗ ಬೇರೆ ಟರ್ಮಿನಲ್.

ರಿಯಲ್ ಸರಿಯಾಗಿ ಓಡಿತು. ಹನ್ನೊಂದನೆಯ ದಿನ ರಾತ್ರಿ ವರ್ಫ್ ಹಚ್ಚಿದರೆ ಮೂರು ಸೆಕೆಂಡಿಗೆ ಸೆಗ್ಮೆಂಟೇಶನ್ ಫಾಲ್ಟ್, ಅಂದರೆ ಮುಟ್ಟಬಾರದ ಮೆಮೊರಿ ಮುಟ್ಟಿ ಪ್ರೋಗ್ರಾಂ ಬಿದ್ದುಹೋಗುವ ಎರರ್. ಈ ಹೊತ್ತಿಗೆ ನನಗೆ ಗಾಬರಿಯಾಗಲಿಲ್ಲ. ವರ್ಫ್ ತನ್ನ ಸಂದೇಶಗಳನ್ನು ಬರೆಯುವ, ಸೊನ್ನೆಯ ಸಂಖ್ಯೆಯ ಆರ್‌ಎಸ್‌ಎಲ್ ಎರರ್ ಫೈಲ್ ತೆರೆದು ಎಲ್ಲಿಯವರೆಗೆ ಹೋಗಿತ್ತು ನೋಡಿದೆ. ಮೊದಲ ಹೆಜ್ಜೆಯ ಲೆಕ್ಕ ಶುರುವಾಗುವಷ್ಟರಲ್ಲಿ ನಿಂತಿತ್ತು. ವರ್ಫ್ ತನ್ನ ಹಲವು ದೊಡ್ಡ ಅರೇಗಳನ್ನು (ಸಂಖ್ಯೆಗಳ ಪಟ್ಟಿ) ಸ್ಟ್ಯಾಕ್ ಎಂಬ ಮೆಮೊರಿಯ ಭಾಗದಲ್ಲಿ ಇಡುತ್ತದೆ, ಲಿನಕ್ಸ್‌ನಲ್ಲಿ ಸ್ಟ್ಯಾಕ್‌ಗೆ ಮಿತಿ ಇರುತ್ತದೆ. ‘ಯುಲಿಮಿಟ್’ ಆಜ್ಞೆಯಿಂದ ಆ ಮಿತಿಯನ್ನು ಅನ್‌ಲಿಮಿಟೆಡ್ ಮಾಡಿದೆ, ಆ ಸಾಲನ್ನೂ ನನ್ನ ಪುಟ್ಟ ಫೈಲಿಗೆ ಸೇರಿಸಿದೆ. ಅದಾದ ಮೇಲೂ ಬಿದ್ದರೆ ಟೈಮ್ ಸ್ಟೆಪ್ (ಲೆಕ್ಕ ಒಂದು ಹೆಜ್ಜೆಗೆ ಎಷ್ಟು ಸೆಕೆಂಡು ಮುಂದೆ ಹೋಗುತ್ತದೆ) ನೋಡಿ. ಗ್ರಿಡ್ ಅಂತರ ಎಷ್ಟು ಕಿಲೋಮೀಟರೋ ಅದರ ಆರು ಪಟ್ಟಿನಷ್ಟು ಸೆಕೆಂಡು ಅನ್ನುವುದು ರೂಢಿಯ ಲೆಕ್ಕ, ಅದನ್ನು ಮೀರಿದರೆ ಲೆಕ್ಕ ಹಳಿ ತಪ್ಪುವ ಸಾಧ್ಯತೆ ಹೆಚ್ಚು.

ಮತ್ತೆ ಹಚ್ಚಿದೆ. ಒಂದೊಂದು ಹೆಜ್ಜೆಗೂ ಒಂದು ಸಾಲು, ಅದರ ಮುಂದೆ ತೆಗೆದುಕೊಂಡ ಸೆಕೆಂಡು. ಸಾಲುಗಳು ಮೇಲೇರುತ್ತಾ ಹೋದವು, ನಾನು ಕಣ್ಣು ಮಿಟುಕಿಸದೆ ನೋಡುತ್ತಾ ಕೂತೆ. ಸುಮಾರು ಕಾಲು ಗಂಟೆಗೆ ಆ ಮೂರು ಪದ ಬಂತು. ಫಲಿತಾಂಶದ ಫೈಲನ್ನು, ನೆಟ್‌ಸಿಡಿಎಫ್ ಡೇಟಾವನ್ನು ಚಿತ್ರವಾಗಿ ತೋರಿಸುವ ಎನ್‌ಸಿವ್ಯೂನಲ್ಲಿ ತೆರೆದು ಮೇಲ್ಮೈ ಒತ್ತಡ ಹಾಕಿದಾಗ, ಸಮುದ್ರದ ಮೇಲೆ ಒಂದು ದುಂಡನೆಯ ಕಡಿಮೆ ಒತ್ತಡದ ಕಲೆ ಗಂಟೆ ಗಂಟೆಗೂ ಸರಿಯುತ್ತಾ ಹೋಯಿತು. ಅದು ನನ್ನ ಲ್ಯಾಪ್‌ಟಾಪಿನಲ್ಲೇ ಲೆಕ್ಕವಾದ ಚಂಡಮಾರುತ. ಅಷ್ಟು ಹೊತ್ತಿನಲ್ಲಿ ಎಬ್ಬಿಸಿ ತೋರಿಸಲು ಯಾರೂ ಇರಲಿಲ್ಲ, ಐದಾರು ಸಲ ನಾನೇ ನೋಡಿದೆ.

ಬೆಳಿಗ್ಗೆ ಆ ಚಿತ್ರವನ್ನು ಮೇಡಂಗೂ ಅಕ್ಕನಿಗೂ ಕಳಿಸಿದೆ. ಅಕ್ಕ ನನ್ನ ಆರೂ ಲಾಗ್ ಫೈಲುಗಳನ್ನು ಅಳಿಸದೆ ಇಟ್ಟುಕೋ ಅಂದರು, ಮುಂದಿನ ತಿಂಗಳು ಸೇರುವ ಹುಡುಗಿಗೂ ಇದೇ ಕೆಲಸವಂತೆ. ಮೇಡಂ, “ಒಳ್ಳೇದಾಯ್ತು. ಈಗ ಡೊಮೇನ್ ಬದಲಾಯಿಸಿ ನಿನ್ನ ಪ್ರದೇಶಕ್ಕೆ ಓಡಿಸು” ಎಂದು ಬರೆದರು. ಇದನ್ನು ಬರೆಯುತ್ತಿರುವಾಗ ಇನ್ನೊಂದು ಟರ್ಮಿನಲ್‌ನಲ್ಲಿ ಜಿಯೋಗ್ರಿಡ್ ಓಡುತ್ತಿದೆ.